ಗೇಟು ಬಿದ್ದ ಏಳು ನಿಮಿಷ

ಅರಸಾಳಿನಿಂದ ಫೋನು ಬಂದರೆ
ನಂಬರು ಕೊಟ್ಟು ನಂಬರು ಇಸ್ಕೊಂಡು
ಚಕ್ರ ತಿರುಗಿಸಿ ಕೋಲು ಇಳಿಸ್ತೀನಿ.
ಮೈಸೂರು ಗಾಡಿ ದಾಟುವ ತನಕ
ಏಳು ನಿಮಿಷ. ಒಮ್ಮೊಮ್ಮೆ ಒಂಬತ್ತು.
ಆಚೆ ಹಾಲಿನ ವ್ಯಾನು, ಈಚೆ ಮರಳಿನ ಲಾರಿ,
ಎಲ್ಲರಿಗೂ ನಾನೇ ಶನಿ.
ಗುತ್ಯಮ್ಮ ಅನ್ನೋ ಹೆಸರು ಗೊತ್ತಿದ್ದದ್ದು
ಸ್ಕೂಟಿ ನಿಲ್ಲಿಸಿ ಹೆಲ್ಮೆಟ್ಟು ತೆಗೆಯುತ್ತಿದ್ದ
ತಸ್ಮಿಯಾ ಒಬ್ಬಳಿಗೆ,
ರಿಪ್ಪನ್‌ಪೇಟೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಹುಡುಗಿ.

ಡ್ಯೂಟಿಯಲ್ಲಿ ನಾನು ಮೊಬೈಲು ನೋಡುವಂತಿಲ್ಲ.
ಕಿವಿಗೆ ಯಾರೂ ರೂಲು ಮಾಡಿಲ್ಲ.
ರಾತ್ರಿ ಅವಳು ನೋಡಿದ ಕೊರಿಯಾದ ಕತೆ
ಮರುದಿನ ಸಂಜೆ ಕೋಲಿನ ಮೇಲಿಂದ ನನಗೆ ಬರುತ್ತಿತ್ತು,
ದಿನಕ್ಕೊಂದು ಭಾಗ.

ಆ ಊರಲ್ಲಿ ಎಂತೆಂಥ ಕೆಲಸ ಮಾರಾಯ್ತಿ!
ಲಿಫ್ಟಿನಲ್ಲಿ ಸಿಕ್ಕಿಕೊಂಡವರನ್ನು ಬಿಡಿಸೋದೇ ಒಬ್ಬನ ನೌಕರಿ.
ಸತ್ತವರ ಹೆಸರಿಗೆ ಬಂದ ಕಾಗದಕ್ಕೆ
ಉತ್ತರ ಬರೆಯಲಿಕ್ಕೇ ಒಂದು ಆಫೀಸು,
ಅದಕ್ಕೊಬ್ಬ ಸಿಡುಕ ಸಾಹೇಬ,
ಹುಡುಗಿ ನೆನೆಯುವಾಗ ಮಾತ್ರ ಕೊಡೆ ಸಿಗುತ್ತೆ ಅವನಿಗೆ.
ಹೆಸರು ನನ್ನ ಬಾಯಿಗೆ ಹತ್ತಲಿಲ್ಲ.
‘ಪಾರ್ಕು ಅಂದ್ರೆ ಮಕ್ಕಳು ಜಾರೋ ಜಾಗ ಅಲ್ವೇನೆ?’
ಅವಳು ನಕ್ಕಿದ್ದಕ್ಕೆ ಹಿಂದಿನ ಲಾರಿ ಹಾರ್ನು ಹೊಡೆಯಿತು.

ಕಿಮ್ಮಿ ಅಂತ ನಾನೇ ಇಟ್ಟೆ, ಆ ಮಂಜಿನ ಹುಡುಗಿಗೆ.
ಸಮುದ್ರದ ನಡುವೆ ಬಂಡೆ, ಬಂಡೆ ಮೇಲೆ ಕೋಣೆ.
ದೀಪ ಕಾಣದಷ್ಟು ಮಂಜು ಕವಿದರೆ
ಹಡಗಿಗೆ ಕೇಳುವ ಹಾಗೆ ಕಹಳೆ ಊದಬೇಕು.
ಸರ್ಕಾರಿ ಕೆಲಸ.
ನಾನು ಕೇಳಿದ್ದು: ರಿಲೀವರು ಯಾರು?
ಒಂದಕ್ಕೆ ಹೋಗಬೇಕಾದರೆ ಕಹಳೆ ಯಾರ ಕೈಗೆ?
ರಾತ್ರಿ ಪಾಳಿಗೆ ಭತ್ಯೆ ಎಷ್ಟು?
ಅದೆಲ್ಲ ತೋರಿಸೋದಿಲ್ವಂತೆ.
ಕಣ್ಣಲ್ಲಿ ನೀರು ತುಂಬೋದನ್ನ ಮಾತ್ರ
ನಿಧಾನಕ್ಕೆ ತೋರಿಸ್ತಾರಂತೆ.

ಒಂಬತ್ತನೇ ಭಾಗದಲ್ಲಿ ಕಿಮ್ಮಿ
ಮಂಜಿರುವಾಗಲೇ ಕಹಳೆ ಬಿಟ್ಟು ದೋಣಿ ಹತ್ತಿದಳು,
ಆಸ್ಪತ್ರೆಯಲ್ಲಿದ್ದ ಹುಡುಗನ ಕೈ ಹಿಡಿಯಲಿಕ್ಕೆ.
‘ಗೇಟು ಬಿಟ್ಟು ಹೋದ್ಲಾ?’ ಅಂದೆ.
‘ಪ್ರೀತಿ, ಅಕ್ಕಾ’ ಅಂದಳು ತಸ್ಮಿಯಾ.
ನಾನು ಹಸಿರು ಬಾವುಟ ಬಿಚ್ಚಿ ಗಾಡಿಗೆ ತೋರಿಸಿದೆ.
ಅವಳ ಕಡೆ ತಿರುಗಲಿಲ್ಲ.

ನನ್ನ ಗಂಡ ಗ್ಯಾಂಗಿನವನು.
ಕುಂಸಿ ತಿರುವಿನಲ್ಲಿ ಹಳಿಗೆ ಬಗ್ಗಿದ್ದಾಗ
ಬಾವುಟ ಹಿಡಿದು ನಿಲ್ಲಬೇಕಾದವನು
ಟೀ ಕುಡಿಯಲಿಕ್ಕೆ ಹೋಗಿದ್ದ. ಐದೇ ನಿಮಿಷ.
ಈ ಕೆಲಸ ನನಗೆ ಬಂದದ್ದು ಹಾಗೆ.
ಹುಡುಗಿಗೆ ಹೇಳಿರಲಿಲ್ಲ. ಹೇಳಲೂ ಇಲ್ಲ.
ಎರಡು ಸಂಜೆ ಬರೀ ಗಾಡಿ ದಾಟಿತು.

ಮೂರನೇ ದಿನ ಕೋಲಿನ ಮೇಲಿಂದ ಬನ್ನು ಚಾಚಿ ಅಂದಳು:
‘ಹಡಗಿಗೆ ಏನೂ ಆಗ್ಲಿಲ್ಲ ಅಕ್ಕಾ,
ಬೇರೆ ಯಾರೋ ಊದಿದ್ರು.’
ಯಾರು ಅಂತ ಕತೆಯವರೂ ಹೇಳಿಲ್ಲವಂತೆ.

ಹದಿನಾಲ್ಕರ ತನಕ ಬಂದಿತ್ತು.
ಎರಡು ವರ್ಷದಿಂದ ಪಕ್ಕದಲ್ಲೇ ಅಗೆಯುತ್ತಿದ್ದ ಅಂಡರ್‌ಪಾಸು
ಒಂದು ಸೋಮವಾರ ತೆರೆದೇಬಿಟ್ಟರು.
ಹಳಿಯ ಕೆಳಗಿನಿಂದ ಒಂದು ಸ್ಕೂಟಿ
ಎರಡು ಸಲ ಹಾರ್ನು ಮಾಡಿ ಹೋಯಿತು.
ಅವಳೇ ಇರಬೇಕು.

ಈಗ ನನ್ನನ್ನು ಆನಂದಪುರದ ಆಚೆಯ ಗೇಟಿಗೆ ಹಾಕಿದ್ದಾರೆ.
ಎಮ್ಮೆ ದಾಟುತ್ತವೆ, ಟ್ರಾಕ್ಟರು ದಾಟುತ್ತೆ.
ಉಳಿದ ಎರಡು ಭಾಗ ನಾನೇ ಮಾಡಿಕೊಂಡೆ.

ಹದಿನೈದರಲ್ಲಿ ಬಂಡೆ ಮೇಲೆ
ತಗಡಿನ ಬಾಗಿಲ ಪಾಯಖಾನೆ ಕಟ್ಟಿಸಿದೆ.
ಎಂಟು ತಾಸಿಗೊಬ್ಬ ರಿಲೀವರು ಕೊಟ್ಟೆ:
ಅವತ್ತು ಊದಿದ, ಕತೆಯವರು ಹೆಸರು ಹೇಳದ ಆ ಹೆಂಗಸೇ.
ಮದುವೆ ಮಾಡಿಸಲಿಲ್ಲ.
ಹುಡುಗ ಹುಷಾರಾದ, ಅಷ್ಟು ಸಾಕು.

ಹದಿನಾರರಲ್ಲಿ ಮಂಜು.
ಕಿಮ್ಮಿ ಊದುತ್ತಾಳೆ.
ಹಡಗು ಬಂಡೆ ಪಕ್ಕದಲ್ಲೇ ದಾಟುತ್ತೆ,
ಒಳಗೆ ಜನ ಬಾಯಿ ತೆರೆದು ಮಲಗಿದ್ದಾರೆ,
ಯಾರೂ ಕೈ ಬೀಸೋದಿಲ್ಲ.
ಹಡಗು ನಿಲ್ಲೋದಿಲ್ಲ. ನಿಲ್ಲಬಾರದು.
ಅವಳು ಒಳಗೆ ಹೋಗಿ ರಿಜಿಸ್ಟರು ತೆಗೆದು
ಹೊತ್ತು ಬರೀತಾಳೆ.